ದುರುಗಮ್ಮನ ಗೈರುಹಾಜರಿ ಮತ್ತು ತಾವು ರದ್ದುಪಡಿಸಿದ ಗ್ರಾಮಾಧ್ಯಯನ

ಪದವಿ ತರಗತಿಗಳ ರಾಜ್ಯಶಾಸ್ತ್ರ ಪಠ್ಯಕ್ರಮ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಈಗಿನ ಎರಡು ವರ್ಷದ ಪದವಿಯ ಬದಲಿಗೆ ಬರಲಿರುವ ಮೂರು ವರ್ಷದ ಪದವಿಯಲ್ಲಿ ರಾಜ್ಯಶಾಸ್ತ್ರದ ಪಾಠಗಳನ್ನು ಹೇಗೆ ಯೋಜಿಸಬೇಕು ಎಂಬ ಬಗ್ಗೆ ಆ ವಿಷಯದ ಪದವೀಧರರು ಸಲಹೆ ಕಳಿಸಬಹುದೆಂದು ತಮ್ಮ ಕಚೇರಿ ಹೋದ ತಿಂಗಳು ವೃತ್ತಪತ್ರಿಕೆಗಳಲ್ಲಿ ಪ್ರಕಟಿಸಿದೆ. ನಾನು ಇದೇ ವರ್ಷ, ಅಂದರೆ 1959ರಲ್ಲಿ, ಆ ವಿಷಯದಲ್ಲಿ ಬಿ.ಎ. ಮುಗಿಸಿದವನು. ಸಲಹೆಗೆ ಮೊದಲು ಒಂದು ದೂರು ಇದೆ. ನಾನು ಓದುತ್ತಿದ್ದಾಗ ತಾವು ಪಾಠದ ಯೋಜನೆಯಲ್ಲಿ ಗ್ರಾಮಾಧ್ಯಯನ ಎಂಬ ಭಾಗವನ್ನು ಸೇರಿಸಿ ನನ್ನನ್ನು ನನ್ನ ಊರಿಗೇ ಕಳಿಸಿದಿರಿ. ಅಲ್ಲಿ ಕಂಡದ್ದನ್ನು ನಾನು ಬರೆದು ತಂದ ಮೇಲೆ ಆ ಭಾಗವನ್ನೇ ರದ್ದುಪಡಿಸಿದಿರಿ. ರದ್ದುಪಡಿಸುವ ಅಧಿಕಾರ ತಮಗೆ ಇದೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಹಳ್ಳಿಯಲ್ಲಿ ನಡೆದದ್ದನ್ನು ಯಾರೂ ರದ್ದುಪಡಿಸಿಲ್ಲ. ಅದು ನಡೆದೇ ಇದೆ. ಹಿಂದೆ ತಮ್ಮ ಕಚೇರಿಗೆ ಬರೆದ ಅರ್ಜಿಗೆ ಉತ್ತರ ಬರಲಿಲ್ಲವಾಗಿ ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಬರೆಯುತ್ತಿದ್ದೇನೆಂದು ತಾವು ಭಾವಿಸಬಾರದು. ಸಿಟ್ಟು ಬರಬೇಕಾದ ಕಾಲದಲ್ಲಿ ಬರಲಿಲ್ಲ, ಈಗಲೂ ಬರುತ್ತಿಲ್ಲ.

ನಾನು ಶಿಕಾರಿಪುರ ತಾಲ್ಲೂಕಿನವನು. ನಮ್ಮೂರು ಅಂಬ್ಲಿಗೊಳದಿಂದ ನಡೆದು ಹೋಗುವಷ್ಟು ಹತ್ತಿರ. ಊರಿನ ಹೆಸರು ಬರೆಯುವುದಿಲ್ಲ, ನಮ್ಮವರು ಇನ್ನೂ ಅಲ್ಲಿ ಬದುಕಬೇಕು. ನಮ್ಮದು ಕುರಿ ಸಾಕಿಕೊಂಡು, ಒಂದಿಷ್ಟು ಹೊಲ ಉತ್ತುಕೊಂಡು ಬಂದ ಮನೆತನ. ನಮ್ಮ ಕಡೆಯಿಂದ ಕಾಲೇಜಿಗೆ ಹೋದವನು ನಾನೊಬ್ಬನೇ. ಏನು ಓದುತ್ತೀ ಎಂದು ಅಪ್ಪ ಕೇಳಿದಾಗ, ರಾಜ್ಯ ಹೇಗೆ ನಡೆಯುತ್ತದೆ ಎಂದು ಹೇಳಿಕೊಡುತ್ತಾರಂತೆ ಎಂದಿದ್ದೆ.

"ನಡ್ಸೋರಿಗೆ ಅದು ಗೊತ್ತಿರ್ತೈತಲ್ಲ, ನಿಂಗ್ಯಾಕೆ?" ಎಂದ ಅಪ್ಪ.

ನಾನು ನಕ್ಕಿದ್ದೆ. ಅದಕ್ಕೆ ಉತ್ತರ ಮೊದಲ ವರ್ಷ ಸಿಗುತ್ತದೆ ಎಂದುಕೊಂಡಿದ್ದೆ. ಮೊದಲ ವರ್ಷ ತಮ್ಮ ಯೋಜನೆಯಂತೆ ನಾವು ರಾಜ್ಯದ ಉಗಮ, ಸಾರ್ವಭೌಮತ್ವದ ಲಕ್ಷಣಗಳು, ಬ್ರಿಟನ್ನಿನ ಪಾರ್ಲಿಮೆಂಟು, ಸ್ವಿಟ್ಜರ್ಲೆಂಡಿನ ಕ್ಯಾಂಟನ್ನುಗಳೆಂಬ ಪ್ರಾಂತ್ಯಗಳು, ಇವನ್ನು ಓದಿದೆವು. ಸ್ವಿಟ್ಜರ್ಲೆಂಡಿನ ಬೆಟ್ಟದ ಮೇಲಿನ ಜನ ವರ್ಷಕ್ಕೊಮ್ಮೆ ಬಯಲಿನಲ್ಲಿ ಸೇರಿ ಕೈಯೆತ್ತಿ ಕಾನೂನು ಮಾಡುತ್ತಾರೆಂದು ನನಗೆ ಇವತ್ತಿಗೂ ಬಾಯಿಪಾಠವಿದೆ. ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಒಂದು ಅರ್ಜಿ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗುತ್ತದೆಂದು ಮಾತ್ರ ಯಾರೂ ಹೇಳಲಿಲ್ಲ. ಅದು ಪಾಠದಲ್ಲಿ ಇರಲಿಲ್ಲ. ದೂರದ್ದು ಶಾಸ್ತ್ರ, ಹತ್ತಿರದ್ದು ಸಂಸಾರ ಎಂದು ಯೋಜನೆ ಮಾಡಿದವರು ತಿಳಿದಿರಬಹುದು.

ಎರಡನೆಯ ವರ್ಷಕ್ಕೆ ತಾವು ಗ್ರಾಮಾಧ್ಯಯನವನ್ನು ತಂದಿರಿ. ನಡುವಿನ ಬೇಸಿಗೆ ರಜೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಹಳ್ಳಿಯ ಪಂಚಾಯಿತಿ ನಡೆಯುವ ರೀತಿಯನ್ನು ಕಣ್ಣಾರೆ ನೋಡಿ ಬರೆದು ತರಬೇಕು, ಅದಕ್ಕೆ ಒಂದು ಇಡೀ ಪ್ರಶ್ನಪತ್ರಿಕೆಯಷ್ಟು ಅಂಕಗಳು. ನಮಗೆ ಪಾಠ ಹೇಳುತ್ತಿದ್ದ ರಾಜಪ್ಪ ಮೇಷ್ಟ್ರು ಸೊರಬ ತಾಲ್ಲೂಕಿನ ಹೊಸಬಾಳೆಯ ರೈತರ ಮನೆಯವರು. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ರಜೆಗೆ ಹೊರಡುವ ದಿನ ನನ್ನನ್ನು ಕರೆದು ಹೇಳಿದರು:

"ಮಾರಾಯಾ, ನೀ ನೋಡಿದ್ದು ಬರಿ. ನಿಂಗೆ ಅನ್ಸಿದ್ದು ಬರಿಬೇಡ. ಯಾರು ಎಲ್ಲಿ ಕೂತಿದ್ರು, ಯಾರು ಮಾತಾಡಿದ್ರು, ಯಾರು ಸುಮ್ನಿದ್ರು, ಅಷ್ಟು ಬರೆದ್ರೆ ಸಾಕು. ಉಳಿದದ್ದು ತಾನೇ ಕಾಣ್ತದೆ."

ನಮ್ಮೂರ ಪಂಚಾಯಿತಿಯಲ್ಲಿ ಹೆಂಗಸರ ಕಡೆಯಿಂದ ಒಬ್ಬ ಸದಸ್ಯೆ ಇದ್ದಳು. ಅವಳು ದುರುಗಮ್ಮ, ನನ್ನ ಅಪ್ಪನ ತಂಗಿ, ನನಗೆ ಸೋದರತ್ತೆ. ಮಕ್ಕಳಿಲ್ಲ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತನ್ನ ಪಾಲಿನ ಕುರಿಗಳನ್ನು ತಾನೇ ಮೇಯಿಸಿಕೊಂಡಿದ್ದಳು. ಓದು ಬರಹ ಬಾರದು. ಅವಳನ್ನು ಯಾಕೆ ಆರಿಸಿದರೆಂಬುದು ಊರಿಗೆಲ್ಲ ಗೊತ್ತಿತ್ತು. ಹಗಲೆಲ್ಲ ಕುರಿಯ ಹಿಂದೆ ಇರುವವಳು ಸಭೆಗೆ ಬರುವುದಿಲ್ಲ ಎಂಬ ಧೈರ್ಯ. ಸಭೆ ಮುಗಿದ ಮೇಲೆ ಪಂಚಾಯಿತಿಯ ಸೆಕ್ರೆಟರಿ ಕುರಿಹಟ್ಟಿಗೆ ಬಂದು ಹಾಜರಿಗೂ ನಿರ್ಣಯಕ್ಕೂ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಿದ್ದ.

"ನೀನು ಮೆಂಬರಲ್ವಾ ಅತ್ತೆ, ಸಭೆಗೆ ಯಾಕೆ ಹೋಗಲ್ಲ?" ಎಂದು ಕೇಳಿದೆ. ಅಧ್ಯಯನದ ಪ್ರಶ್ನೆಗಳಲ್ಲಿ ಅದೂ ಒಂದು.

"ಹೋಗಿ ಏನ್ಮಾಡ್ಲಿ? ಹೆಬ್ಬೆಟ್ಟು ಕೇಳ್ತಾರೆ, ಕೊಡ್ತೀನಿ. ಅವ್ರಿಗೂ ಸಲೀಸು, ನಂಗೂ ಸಲೀಸು."

ಇದನ್ನು ಹಾಗೆಯೇ ಬರೆದುಕೊಂಡೆ. ಅಷ್ಟಕ್ಕೇ ಮುಗಿದಿದ್ದರೆ ನನಗೆ ಒಳ್ಳೆಯ ಅಂಕ ಬರುತ್ತಿತ್ತು, ತಮಗೂ ಈ ಪತ್ರ ಓದುವ ತೊಂದರೆ ಇರುತ್ತಿರಲಿಲ್ಲ. ಆದರೆ ಆ ವಾರದ ಸಭೆಯಲ್ಲಿ ಏನೇನು ಬರುತ್ತದೆಂದು ಸೆಕ್ರೆಟರಿಯನ್ನು ಕೇಳಲು ಹೋಗಿದ್ದೆ. ಊರ ದನ ಕುರಿ ಮೇಯಲು ಬಿಟ್ಟಿದ್ದ ಗೋಮಾಳದಲ್ಲಿ ಕೆರೆಯ ಕಡೆಯ ಭಾಗವನ್ನು ಸಾಗುವಳಿಗೆ ಕೊಡಬಹುದೆಂದು ಮೇಲಿನವರಿಗೆ ಶಿಫಾರಸು ಮಾಡುವ ವಿಷಯ ಅದರಲ್ಲಿತ್ತು. ಆ ಜಾಗವನ್ನು ತಮಗೆ ಕೊಡಿ ಎಂದು ಕೇಳಿದ್ದವರು ಚೇರ್ಮನ್ನರ ಭಾವಮೈದುನ. ಊಟದ ಹೊತ್ತಿನಲ್ಲಿ ಇದನ್ನು ಅಪ್ಪನಿಗೆ ಹೇಳುತ್ತಿದ್ದೆ. ಅತ್ತೆ ಒಲೆಯ ಹತ್ತಿರ ಕೂತು ಕೇಳುತ್ತಿದ್ದಳು.

"ಕೆರೆ ಕಡೇದಾ?" ಎಂದಳು.

"ಹೂಂ."

ಅವಳು ಒಲೆಯ ಸೌದೆಯನ್ನು ಹಿಂದಕ್ಕೆ ಎಳೆದಳು. "ಬ್ಯಾಸಿಗ್ಯಾಗೆ ನೀರು ಮೇವು ಎರಡೂ ಇರೋದು ಅದೊಂದ್ ಕಡೇನೆ. ನಾಳೆ ಕುರಿ ನೀನೇ ಬಿಡಣ್ಣ. ನಾನು ಸಭೆಗೆ ಹೋಗ್ತೀನಿ" ಎಂದು ಅಪ್ಪನಿಗೆ ಹೇಳಿದಳು.

ಅಪ್ಪ ಬೇಡ ಎನ್ನಲಿಲ್ಲ. ಬೆಳಗ್ಗೆ ಕುರಿ ಹೊಡೆದುಕೊಂಡು ಹೋದ.

ಸಭೆ ಆಗ ಊರ ಚಾವಡಿಯಲ್ಲಿ ನಡೆಯುತ್ತಿತ್ತು. ನಾನು ಅನುಮತಿ ಪಡೆದು ಬಾಗಿಲ ಬಳಿ ನಿಂತಿದ್ದೆ. ಅತ್ತೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದಳು. ಬೆಂಚಿನ ಮೇಲಿದ್ದವರು ಅವಳನ್ನು ನೋಡಿದರು. ಯಾರೂ ಸರಿದು ಜಾಗ ಮಾಡಲಿಲ್ಲ. ಅವಳು ಕಂಬಳಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಕೂತಳು.

"ಏನವ್ವಾ, ಈ ಕಡೆ ಬಂದಿ?" ಎಂದರು ಚೇರ್ಮನ್ನರು.

"ಮೆಂಬರ್ ಅಂತಲ್ರಿ ಗೌಡ್ರೆ, ಅದ್ಕೆ ಬಂದೆ."

ಒಬ್ಬಿಬ್ಬರು ನಕ್ಕರು. ಗೋಮಾಳದ ವಿಷಯವನ್ನು ಸೆಕ್ರೆಟರಿ ಓದಿದ. ಎಲ್ಲರೂ ಒಪ್ಪಿದ್ದಾರೆಂದು ಬರೆದುಕೊಳ್ಳಲು ಹೊರಟಾಗ ಅತ್ತೆ ಕೇಳಿದಳು.

"ಆ ಜಾಗ ಉತ್ತುಬಿಟ್ರೆ ಕುರಿ ಎಲ್ಲಿಗೆ ಹೋಗ್ಬೇಕ್ರಿ?"

"ಅದೆಲ್ಲ ನಿಂಗ್ಯಾಕವ್ವಾ. ಹೆಬ್ಬೆಟ್ಟು ಒತ್ತು."

"ಒತ್ತೀನಿ ಗೌಡ್ರೆ. ಕುರಿ ಎಲ್ಲಿಗೆ ಹೋಗ್ಬೇಕು ಅಂತ ಹೇಳ್ರಿ, ಒತ್ತೀನಿ."

ಅವಳ ದನಿ ಏರಿರಲಿಲ್ಲ. ದಾರಿ ಕೇಳುವವರು ಕೇಳುವ ಹಾಗೆ ಕೇಳಿದಳು. ಸೆಕ್ರೆಟರಿ ಬರೆಯುವುದನ್ನು ನಿಲ್ಲಿಸಿ ಚೇರ್ಮನ್ನರ ಮುಖ ನೋಡಿದ. ಆಮೇಲೆ ಹನುಮಂತಪ್ಪನೆಂಬ ಹಿರಿಯ ಸದಸ್ಯರೊಬ್ಬರು, "ಆಕಿ ಕೇಳೋದೂ ಖರೇನೇ, ದನ ನಮ್ಮವೂ ಅದಾವಲ್ಲ" ಎಂದರು. ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ತಮ್ಮ ಪಾಠಗಳಲ್ಲಿ ಪ್ರಜಾಪ್ರಭುತ್ವ ಎಂಬ ಮಾತು ಎಷ್ಟು ಸಲ ಬರುತ್ತದೋ ತಾವೇ ಬಲ್ಲಿರಿ. ನಾನು ಅದನ್ನು ನೋಡಿದ್ದು ಆ ಒಂದು ಮಧ್ಯಾಹ್ನ ಮಾತ್ರ.

ಮುಂದಿನ ಸಭೆ ಚಾವಡಿಯಲ್ಲಿ ನಡೆಯಲಿಲ್ಲ. ಚಾವಡಿಯ ಹೆಂಚು ಕೈಯಾಡಿಸಿ ಸರಿಪಡಿಸಬೇಕಾಗಿದೆ ಎಂದು ಹೇಳಿ ಸಭೆಯನ್ನು ಚೇರ್ಮನ್ನರ ಮನೆಗೆ ಬದಲಾಯಿಸಿದರು. ಮನೆಯ ಹೊರಗಿನ ಜಗಲಿಯಲ್ಲಲ್ಲ, ಒಳಗೆ ನಡುಮನೆಯಲ್ಲಿ. ಅತ್ತೆ ಆ ದಿನವೂ ಹೋದಳು. ಹೊಸಿಲವರೆಗೆ ಹೋಗಿ ನಿಂತಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಅವಳು ಹಿಂದಕ್ಕೆ ಬಂದು ಜಗಲಿಯ ಮೇಲೆ ಕೂತಳು. ನಾನು ಅಂಗಳದಲ್ಲಿದ್ದೆ. ಕಿಟಕಿಯಿಂದ ಒಳಗಿನ ಮಾತು ಕೇಳುತ್ತಿತ್ತು. ಸೆಕ್ರೆಟರಿ ಹಾಜರಿ ಕೂಗುತ್ತಾ ಬಂದು ಕೊನೆಯಲ್ಲಿ ಅವಳ ಹೆಸರು ಕೂಗಿದ.

"ಇಲ್ಲೇ ಇದೀನ್ರಿ" ಎಂದಳು ಅತ್ತೆ.

ಅವನು ಕಿಟಕಿಯಿಂದ ಹೊರಗೆ ನೋಡಿದ. ಅವಳನ್ನು ನೋಡಿದ, ನನ್ನನ್ನೂ ನೋಡಿದ. ಆಮೇಲೆ ತಲೆ ತಗ್ಗಿಸಿ ಬರೆದ. ಏನು ಬರೆದನೆಂಬುದು ಆಮೇಲೆ ತಿಳಿಯಿತು. ಗೈರುಹಾಜರು ಎಂದು ಬರೆದಿದ್ದ.

ಅದರ ಮುಂದಿನ ಸಭೆಯೂ ಅಲ್ಲೇ ಆಯಿತು, ಹಾಗೆಯೇ ಆಯಿತು. ಅದರ ನಂತರದ ಸಭೆಯ ಹೊತ್ತಿಗೆ ಕಾಲೇಜು ಶುರುವಾಗಿತ್ತು, ನಾನು ಊರಿನಲ್ಲಿರಲಿಲ್ಲ. ಅವತ್ತು ಮಳೆ ಹೊಯ್ಯುತ್ತಿತ್ತೆಂದೂ ಅತ್ತೆ ಕಂಬಳಿ ಕೊಪ್ಪೆ ಹಾಕಿಕೊಂಡು ಅದೇ ಜಗಲಿಯ ಮೇಲೆ ಸಭೆ ಮುಗಿಯುವವರೆಗೂ ಕೂತಿದ್ದಳೆಂದೂ ಅಪ್ಪ ಹೇಳಿದ. ಸತತವಾಗಿ ಮೂರು ಸಭೆಗೆ ಬಾರದವರ ಸದಸ್ಯತ್ವ ಹೋಗುತ್ತದೆಂಬ ನಿಯಮವೊಂದು ಇತ್ತು. ಆ ನಿಯಮದ ಪ್ರಕಾರ ದುರುಗಮ್ಮನ ಸದಸ್ಯತ್ವ ಹೋಯಿತು. ಗೋಮಾಳದ ಶಿಫಾರಸು ಅದರ ಮುಂದಿನ ಸಭೆಯಲ್ಲಿ ಸರ್ವಾನುಮತದಿಂದ ಆಯಿತು. ಆ ಸಭೆ ನಡೆದದ್ದು ಚಾವಡಿಯಲ್ಲಿ. ಹೆಂಚು ಯಾವಾಗ ಕೈಯಾಡಿಸಿದರೋ ಯಾರೂ ನೋಡಲಿಲ್ಲ.

ನಾನು ಅವಳನ್ನು ಒಂದು ಮಾತು ಕೇಳಿದ್ದೆ. ಹೊಸಿಲು ದಾಟಿ ಒಳಗೇ ಹೋಗಿಬಿಡಬಹುದಿತ್ತಲ್ಲ ಎಂದು. ಮುಂದೆ ನಾನು ತಮ್ಮನ್ನು ನೋಡಲು ಬಂದಾಗ ಇದೇ ಮಾತನ್ನು ತಾವೂ ಕೇಳಿದಿರಿ, ಆದ್ದರಿಂದ ಅವಳ ಉತ್ತರವನ್ನು ಇಲ್ಲಿ ಬರೆಯುತ್ತೇನೆ. "ಚಾವಡಿ ಆಗಿದ್ರೆ ಕರೀದಿದ್ರೂ ಹೋಗ್ತಿದ್ದೆ. ಅದು ಊರಿಂದು. ಇದು ಅವ್ರ ಮನಿ ಅಲ್ಲೇನಪ್ಪಾ? ಕರೀದೆ ಒಬ್ರ ಮನ್ಯಾಗೆ ಹೆಂಗೆ ಹೊಕ್ಕಣದು?" ಸಾರ್ವಜನಿಕ ಸ್ಥಳಕ್ಕೂ ಖಾಸಗಿ ಸ್ಥಳಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿ ಎಂಬ ಪ್ರಶ್ನೆ ಯಾವುದಾದರೂ ಪರೀಕ್ಷೆಗೆ ಬಂದರೆ ಬರೆಯಲು ನನಗೆ ಇಷ್ಟೇ ಗೊತ್ತಿದೆ.

ತಾಲ್ಲೂಕಿನ ಅಧಿಕಾರಿಗಳಿಗೆ ಅರ್ಜಿ ಬರೆದೆವು. ಹಾಜರಿ ಪುಸ್ತಕದಲ್ಲಿ ಇರುವುದನ್ನು ಮೀರಿ ಏನನ್ನೂ ಮಾಡಲಾರೆವೆಂದು ಉತ್ತರ ಬಂತು. ಹನುಮಂತಪ್ಪನವರು ಸಾಕ್ಷಿ ಹೇಳುತ್ತೇನೆಂದವರು ಆಮೇಲೆ ಮಗಳ ಮನೆಗೆ ಹೋಗಿ ಅಲ್ಲೇ ಉಳಿದರು. ಅವರ ಮೇಲೆ ನನಗೆ ಬೇಸರವಿಲ್ಲ.

ಇದೆಲ್ಲವನ್ನೂ ನಾನು ಬರೆದೆ. ಯಾರು ಎಲ್ಲಿ ಕೂತಿದ್ದರು, ಯಾರು ಮಾತಾಡಿದರು, ಯಾರು ಸುಮ್ಮನಿದ್ದರು. ಕೆಟ್ಟವರು, ಒಳ್ಳೆಯವರು ಎಂಬ ಶಬ್ದಗಳನ್ನು ಎಲ್ಲೂ ಬಳಸಲಿಲ್ಲ. ರಾಜಪ್ಪ ಮೇಷ್ಟ್ರು ಓದಿ, ಅದನ್ನು ತರಗತಿಗೆ ತಂದು ಜಗಲಿಯ ಭಾಗವನ್ನು ಗಟ್ಟಿಯಾಗಿ ಓದಿಸಿದರು. ಆ ಸುದ್ದಿ ಹೇಗೋ ನಮ್ಮೂರಿಗೆ ಮುಟ್ಟಿತು. ಚೇರ್ಮನ್ನರು ಊರಿಗೆ ದೊಡ್ಡವರು, ಊರಿನಾಚೆಯೂ ಅವರಿಗೆ ಬೇಕಾದವರಿದ್ದರು. ಒಂದು ಮುಂಜಾನೆ ಕಾಲೇಜಿನ ಹಲಗೆಯ ಮೇಲೆ ತಮ್ಮ ಕಚೇರಿಯ ಪ್ರಕಟಣೆ ಅಂಟಿಸಿದ್ದರು. ಗ್ರಾಮಾಧ್ಯಯನವನ್ನು ಪಾಠದ ಯೋಜನೆಯಿಂದ ತೆಗೆಯಲಾಗಿದೆ, ಅದರ ಬದಲಿಗೆ ಪ್ರಾಚೀನ ಗ್ರೀಸಿನ ನಗರರಾಜ್ಯಗಳ ಕುರಿತ ಪ್ರಶ್ನಪತ್ರಿಕೆ ಇರುತ್ತದೆ, ಈಗಾಗಲೇ ಸಲ್ಲಿಸಿದ ಅಧ್ಯಯನಗಳನ್ನು ಪರಿಗಣಿಸುವುದಿಲ್ಲ.

ರಾಜಪ್ಪ ಮೇಷ್ಟ್ರು ಮರುದಿನ ತರಗತಿಗೆ ಬಂದು ಗ್ರೀಸಿನ ಟಿಪ್ಪಣಿ ಬರೆಸಲು ಶುರುಮಾಡಿದರು. ಪಾಠ ಮುಗಿದ ಮೇಲೆ ನಾನು ಅವರ ಕೋಣೆಗೆ ಹೋದೆ. ಅವರು ತಲೆಯೆತ್ತಿ ನೋಡಲಿಲ್ಲ.

"ನಂಗೆ ವರ್ಗ ಮಾಡ್ತೀವಿ ಅಂದಿದಾರೆ ಮಾರಾಯಾ. ಮನೇಲಿ ಅಮ್ಮಂಗೆ ಹುಷಾರಿಲ್ಲ. ನಾ ಎಲ್ಲಿಗೂ ಹೋಗೋ ಹಾಂಗಿಲ್ಲ" ಎಂದರು. ಆಮೇಲೆ, "ನೀ ಚೆನ್ನಾಗಿ ಬರ್ದಿದ್ದೆ" ಎಂದರು.

ನಾನು ಹೂಂ ಎಂದು ಬಂದೆ. ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಮೆಸ್ಸಿನಲ್ಲಿ ಅವತ್ತು ಹುಳಿ ಚೆನ್ನಾಗಿತ್ತು, ಇನ್ನೊಂದು ಸಲ ಬಡಿಸಿಕೊಂಡು ಉಂಡೆ. ಅದು ನೆನಪಿದೆ.

ತಮ್ಮನ್ನು ನೋಡಲು ಬಂದದ್ದು ಅದಾದ ಮೇಲೆ. ತಾವು ನನ್ನನ್ನು ಕೂರಿಸಿ ಮಾತಾಡಿದಿರಿ, ಕಾಫಿಯನ್ನೂ ತರಿಸಿದಿರಿ, ಅದನ್ನು ಮರೆತಿಲ್ಲ. ಎಲ್ಲವನ್ನೂ ಕೇಳಿದ ಮೇಲೆ ತಾವು ಹೇಳಿದ ಮಾತು ಇದು: "ನೋಡಪ್ಪಾ, ರಾಜ್ಯಶಾಸ್ತ್ರ ಬೇರೆ, ರಾಜಕೀಯ ಬೇರೆ. ನೀನು ಓದಲು ಬಂದದ್ದು ಶಾಸ್ತ್ರ. ನಿನ್ನ ಅತ್ತೆಯದು ರಾಜಕೀಯ." ನಾನು ಆ ಮಾತನ್ನು ಬಹಳ ದಿನ ಯೋಚಿಸಿದೆ. ಮಾನ್ಯರೇ, ವೈದ್ಯಶಾಸ್ತ್ರ ಓದುವವರಿಗೆ ರೋಗ ಬೇರೆ ಶಾಸ್ತ್ರ ಬೇರೆ ಎಂದು ಹೇಳುತ್ತಾರೆಯೇ? ಕೃಷಿ ಕಲಿಯುವವನು ಗದ್ದೆಗೆ ಇಳಿದು ಕಾಲು ಕೆಸರು ಮಾಡಿಕೊಂಡು ಬಂದರೆ ಅವನ ಅಂಕಗಳನ್ನು ತೆಗೆಯುತ್ತಾರೆಯೇ? ಕುರಿಯ ಮೇವನ್ನು ಕೇಳಿದ ಹೆಂಗಸಿನದು ರಾಜಕೀಯವಾದರೆ, ಅವಳು ಕೇಳದ ಹಾಗೆ ಮನೆಗೆ ಸಭೆ ಬದಲಾಯಿಸಿದವರದು ಏನು? ಅವರ ದೂರು ಬಂದೊಡನೆ ಪಠ್ಯಕ್ರಮವನ್ನೇ ಬದಲಾಯಿಸಿದ ತಮ್ಮದು ಶಾಸ್ತ್ರವೇ? ಇದಕ್ಕೆ ತಾವು ಉತ್ತರ ಕೊಡಲೇಬೇಕೆಂದಿಲ್ಲ. ಉತ್ತರ ಕೇಳಿ ನನಗೂ ಈಗ ಏನೂ ಆಗಬೇಕಾಗಿಲ್ಲ.

ಪರೀಕ್ಷೆಗೆ ಕೂತೆ. ಗ್ರೀಸಿನ ಪತ್ರಿಕೆಯಲ್ಲಿ ಬಂದ ಒಂದು ಪ್ರಶ್ನೆ, ಅಥೆನ್ಸಿನ ಸಭೆಯಲ್ಲಿ ಯಾರಿಗೆ ಪ್ರವೇಶವಿರಲಿಲ್ಲ ಎಂಬುದನ್ನು ವಿವರಿಸಿ ಎಂದು. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಎಂದು ಬರೆದೆ. ಮೇಷ್ಟ್ರು ಬರೆಸಿದ್ದ ಟಿಪ್ಪಣಿಯಷ್ಟನ್ನೇ ಬರೆದೆ, ಅದಕ್ಕೆ ನನ್ನದೇನನ್ನೂ ಸೇರಿಸಲಿಲ್ಲ. ಎರಡನೆಯ ದರ್ಜೆಯಲ್ಲಿ ಪಾಸಾದೆ. ಆ ಪತ್ರಿಕೆಯಲ್ಲೇ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಅಂಕ.

ಫಲಿತಾಂಶ ಬಂದ ಮೇಲೆ ಅತ್ತೆಗೆ ಹೇಳಲು ಹೋದೆ. ಅವಳು ಈಗ ನಮ್ಮೂರಲ್ಲಿಲ್ಲ. ಕೆರೆಯ ಕಡೆಯ ಗೋಮಾಳಕ್ಕೆ ಮುಳ್ಳುಬೇಲಿ ಬಿತ್ತು. ಹೋದ ಬೇಸಿಗೆಯಲ್ಲಿ ಕುರಿಗಳಿಗೆ ನೀರು ಕಾಣಿಸಲು ದೂರ ಹೊಡೆಯಬೇಕಾಗಿ, ಮರಿಗಳು ತಡೆಯದೆ ಸತ್ತವು. ಉಳಿದವನ್ನು ಅವಳು ಸೊರಬದ ಕಡೆಗೆ, ಕುಬಟೂರಿನ ಹತ್ತಿರ ಇರುವ ಗಂಡನ ಕಡೆಯ ನೆಂಟರ ಹಿಂಡಿಗೆ ಸೇರಿಸಿ, ತಾನೂ ಅವರ ಜೊತೆ ಇದ್ದುಕೊಂಡು ಅವರ ಗದ್ದೆಯಲ್ಲಿ ಕಳೆ ಕೀಳುತ್ತಾಳೆ. ನಾನು ಹೋದಾಗ ಗದ್ದೆಯಲ್ಲೇ ಇದ್ದಳು. ಬದುವಿನ ಮೇಲೆ ನಿಂತು, ಪಾಸಾದೆ ಅತ್ತೆ ಎಂದೆ.

ಅವಳು ಸೊಂಟ ನೆಟ್ಟಗೆ ಮಾಡಿ ನಿಂತಳು. "ಮುಗೀತಾ ಓದು?"

"ಮುಗೀತು."

"ಒಳ್ಳೇದಾತು ಬಿಡು. ನನ್ನಿಂದ ನಿಂಗೆ ಏನೂ ತೊಂದ್ರಿ ಆಗ್ಲಿಲ್ಲಲ್ಲ?"

ಇಲ್ಲ ಎಂದೆ. ಅವಳು ಸಮಾಧಾನದಿಂದ ತಲೆಯಾಡಿಸಿ ಮತ್ತೆ ಬಗ್ಗಿದಳು. ತನಗೆ ಏನಾಯಿತೆಂದು ಅವಳು ಆವತ್ತೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ನಾನು ಬದುವಿನ ಮೇಲೆ ಸಂಜೆಯವರೆಗೆ ಕೂತಿದ್ದು ಅವಳ ಜೊತೆ ಮನೆಗೆ ಹೋಗಿ ಉಂಡು ಬಂದೆ. ಅವಳ ಜಾಗಕ್ಕೆ ನಮ್ಮೂರಿನಲ್ಲಿ ಬೇರೊಬ್ಬ ಹೆಂಗಸನ್ನು ತಂದಿದ್ದಾರೆ. ಅವಳು ಸಭೆಗೆ ಬರುವುದಿಲ್ಲ. ಸೆಕ್ರೆಟರಿ ಅವಳ ಮನೆಗೆ ಹೋಗಿ ಬರುತ್ತಾನೆ. ಎಲ್ಲವೂ ಕ್ರಮವಾಗಿ ನಡೆಯುತ್ತಿದೆ.

ಈಗ ತಾವು ಕೇಳಿದ ಸಲಹೆ. ಮೂರು ವರ್ಷದ ಪದವಿಯ ಮೊದಲ ವರ್ಷವನ್ನು ಗ್ರೀಸಿನಿಂದ ಶುರುಮಾಡಬೇಡಿ. ವಿದ್ಯಾರ್ಥಿ ಯಾವ ಊರಿನಿಂದ ಬಂದನೋ ಅಲ್ಲಿಂದ ಶುರುಮಾಡಿ. ಕೆರೆಯ ನೀರನ್ನು ಯಾರು ಬಿಡುತ್ತಾರೆ, ಪಹಣಿ ಯಾರ ಕೈಯಲ್ಲಿರುತ್ತದೆ, ಸಭೆ ಎಲ್ಲಿ ಸೇರುತ್ತದೆ, ಅಲ್ಲಿ ಯಾರಿಗೆ ಕೂರಲು ಜಾಗವಿದೆ, ಇದನ್ನು ಒಂದು ವರ್ಷ ಕಲಿಯಲಿ. ಎರಡನೆಯ ವರ್ಷ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೇಲೆ ಹೋಗಲಿ, ನಮ್ಮ ಸಂವಿಧಾನವನ್ನು ಓದಲಿ. ತನ್ನ ಊರಿನಲ್ಲಿ ಏನಿಲ್ಲ ಎಂಬುದನ್ನು ಕಂಡವನಿಗೆ ಸಂವಿಧಾನದಲ್ಲಿ ಏನಿದೆ ಎಂಬುದು ಬೇಗ ತಿಳಿಯುತ್ತದೆ. ಬ್ರಿಟನ್ನು, ಸ್ವಿಟ್ಜರ್ಲೆಂಡು, ಗ್ರೀಸು ಮೂರನೆಯ ವರ್ಷಕ್ಕಿರಲಿ, ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಆ ಹೊತ್ತಿಗೆ ಅವನು ಅವುಗಳನ್ನು ಬಾಯಿಪಾಠ ಮಾಡದೆ ಹೋಲಿಸಿ ನೋಡಬಲ್ಲ.

ನನ್ನ ಒತ್ತಾಯ ಬೇರೆಯೇ ಇದೆ. ನನ್ನ ಅಂಕಗಳನ್ನು ಹಿಂದಿರುಗಿಸಿ ಎಂದು ಕೇಳುತ್ತಿಲ್ಲ. ಅತ್ತೆಯ ಸದಸ್ಯತ್ವ ತಮ್ಮ ಕೈಯಲ್ಲಿಲ್ಲವೆಂದು ಬಲ್ಲೆ. ಗ್ರಾಮಾಧ್ಯಯನವನ್ನು ಹೊಸ ಯೋಜನೆಯಲ್ಲಿ ಮತ್ತೆ ಸೇರಿಸುವ ಯೋಚನೆ ಇದೆಯೆಂದು ಕೇಳಿದೆ. ಸೇರಿಸುವುದಾದರೆ ಒಂದು ನಿಯಮವನ್ನೂ ಜೊತೆಗೆ ಬರೆಯಿರಿ. ವಿದ್ಯಾರ್ಥಿ ಬರೆದು ತಂದದ್ದನ್ನು ಸಮಿತಿ ಪೂರ್ತಿಯಾಗಿ ಓದತಕ್ಕದ್ದು, ಯಾರ ದೂರು ಬಂದರೂ ಅದನ್ನು ನಡುವೆ ರದ್ದುಪಡಿಸತಕ್ಕದ್ದಲ್ಲ, ಅದರಲ್ಲಿ ಅನ್ಯಾಯದ ಸಂಗತಿ ಇದ್ದರೆ ಅದನ್ನು ವಿಚಾರಿಸಬಲ್ಲ ಅಧಿಕಾರಿಗೆ ಸಮಿತಿಯೇ ತನ್ನ ಮೊಹರಿನೊಂದಿಗೆ ಕಳಿಸತಕ್ಕದ್ದು. ಇಷ್ಟು ತಮ್ಮಿಂದ ಆಗದಿದ್ದರೆ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸಬೇಡಿ. ಅವರು ಕೋಣೆಯಲ್ಲಿ ಕೂತು ಅಥೆನ್ಸನ್ನೇ ಓದಿಕೊಳ್ಳಲಿ. ಅಲ್ಲಿನವರೆಲ್ಲ ಸತ್ತು ಹೋಗಿದ್ದಾರೆ, ಯಾರಿಗೂ ತೊಂದರೆಯಾಗುವುದಿಲ್ಲ.

ಇಂತಿ,
ತಮ್ಮ ಯೋಜನೆಯಂತೆ ಓದಿ, ತಮ್ಮ ಯೋಜನೆಯಂತೆಯೇ ಪಾಸಾದ
ಮಾಸ್ತಪ್ಪ, ಬಿ.ಎ. (ರಾಜ್ಯಶಾಸ್ತ್ರ)
ಶಿಕಾರಿಪುರ ತಾಲ್ಲೂಕು